ನೋಯೆಲ್‌ನ ಎಪ್ಪತ್ತು

ಬ್ಲೆವಿನ್ಸ್ ವೆಲ್, ಟೆಕ್ಸಸ್
12 ಆಗಸ್ಟ್ 1997

ಟ್ವೈಲಾ,

ಫೋನಿನಲ್ಲಿ ನಾವಿಬ್ಬರೂ ಎರಡು ನಿಮಿಷ ದಾಟಿದರೆ ಜಗಳಕ್ಕೆ ನಿಲ್ಲುತ್ತೇವೆ ಎಂದು ನಿನ್ನ ಅಮ್ಮ ಪೆನ್ನು ಕೊಟ್ಟು ಕೂರಿಸಿದ್ದಾಳೆ. "ಫುಟ್‌ಬಾಲ್ ವಿಷಯ ಬರೆಯೋದಾದ್ರೆ ನನ್ನ ಸ್ಟ್ಯಾಂಪ್ ಮುಟ್ಬೇಡಿ" ಎಂದೂ ಹೇಳಿದ್ದಾಳೆ. ಆದ್ದರಿಂದ ಲಕೋಟೆಯ ಮೇಲಿರುವುದು ಶಾಲೆಯ ಸ್ಟ್ಯಾಂಪು. ಯಾರಿಗೂ ಹೇಳಬೇಡ.

ಇಲ್ಲಿ ಬಿಸಿಲು ನೆತ್ತಿ ಸುಡುತ್ತಿದೆ. ದಿನಕ್ಕೆ ಎರಡು ಹೊತ್ತು ಅಭ್ಯಾಸ. ನಿನ್ನೆ ಇಬ್ಬರು ವಾಂತಿ ಮಾಡಿಕೊಂಡರು, ಅದರಲ್ಲಿ ಒಬ್ಬ ನನ್ನ ಸಹಾಯಕ ಕೋಚ್.

ಈ ವರ್ಷ ನನ್ನ ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ನೋಯೆಲ್ ಅರ್ಮೆಂಡರಿಜ್. ತಂದೆ ಹತ್ತಿ ಗಿರಣಿಯಲ್ಲಿ, ತಾಯಿ ಎಲ್ವೀರಾ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ. ಚೆಂಡು ಕೈಗೆ ಬಂದಮೇಲೆ ಎಸೆಯಲು ಇರುವುದು ಮೂರು ಸೆಕೆಂಡು. ಅಷ್ಟರಲ್ಲಿ ಎದುರಿನ ಹನ್ನೊಂದು ಜನ ಎಲ್ಲಿಗೆ ಓಡುತ್ತಾರೆಂದು ಇವನು ಓದಿ ಮುಗಿಸಿರುತ್ತಾನೆ. ತರಗತಿಯಲ್ಲೂ ಹಾಗೇ, ಮೊದಲ ಐವರಲ್ಲಿ ಒಬ್ಬ. ಎತ್ತರ ಮಾತ್ರ ಐದಡಿ ಹತ್ತಂಗುಲ. ದೊಡ್ಡ ವಿಶ್ವವಿದ್ಯಾಲಯಗಳವರು ಬಂದರು, ಅವನನ್ನು ಗೋಡೆಗೆ ನಿಲ್ಲಿಸಿ ಅಳೆದರು, ಊಟ ಮಾಡಿ ಹೋದರು.

ನಿಮ್ಮ ಹ್ಯಾಡ್ಲಿನ್ ಕಾಲೇಜಿನ ಕೋಚ್ ಸ್ಟ್ರಿಕ್ಲರ್ ಮಾತ್ರ ಅಳತೆಯ ಮಾತೆತ್ತಿಲ್ಲ. ಆಟದ ವೀಡಿಯೊ ನೋಡಿ ಕೈಬರಹದಲ್ಲೇ ನಾಲ್ಕು ಪತ್ರ ಬರೆದಿದ್ದಾನೆ. ವರ್ಷಕ್ಕೆ ಒಬ್ಬನೇ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಳ್ಳುತ್ತಾನಂತೆ, ಈ ಸಲ ಅದು ನೋಯೆಲ್ ಅಂತೆ. ಆದರೆ ಪ್ರವೇಶ ಕಚೇರಿ ಒಪ್ಪಬೇಕು. ಏಳು ಜನರಲ್ಲಿ ಒಬ್ಬನಿಗೆ ಸೀಟು ಕೊಡುವ ಆ ಕಚೇರಿಯಲ್ಲಿ ನೀನು ಕೂತಿದ್ದೀಯ.

ನೀನು ಊರು ಬಿಟ್ಟು ಹದಿನೇಳು ವರ್ಷವಾಯಿತು. ಇಷ್ಟು ದಿನ ನಿನ್ನನ್ನು ಏನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಅವನ ಕಡತ ಬಂದಾಗ ಗಮನವಿಟ್ಟು ಓದು.

ನಿನ್ನ ಅಪ್ಪ


ಹ್ಯಾಡ್ಲಿನ್, ಮ್ಯಾಸಚುಸೆಟ್ಸ್
24 ಆಗಸ್ಟ್ 1997

ಅಪ್ಪ,

ನಿಮ್ಮ ಅಕ್ಷರ ನೋಡಿ ಯಾರಿಗೋ ಏನೋ ಆಗಿದೆ ಎಂದು ಹೆದರಿದ್ದೆ. ಕ್ವಾರ್ಟರ್‌ಬ್ಯಾಕ್‌ನ ವಿಷಯ ಎಂದು ಗೊತ್ತಾದ ಮೇಲೆ ಹೆದರಿಕೆ ಹೋಯಿತು, ಸ್ವಲ್ಪ ಕೋಪ ಬಂತು.

ಟೆಕ್ಸಸ್‌ನ ಅರ್ಜಿಗಳನ್ನು ಓದುವುದು ನನ್ನ ಕೆಲಸ, ನಿಜ. ಆದರೆ ನೀವು ಅವನ ಕೋಚ್, ನಾನು ನಿಮ್ಮ ಮಗಳು. ಬ್ಲೆವಿನ್ಸ್ ವೆಲ್‌ನಿಂದ ಬರುವ ಯಾವ ಕಡತವನ್ನೂ ನಾನು ಮುಟ್ಟುವಂತಿಲ್ಲ, ಸಹೋದ್ಯೋಗಿಗೆ ಕೊಟ್ಟುಬಿಡುತ್ತೇನೆ. ಈ ವಿಷಯದಲ್ಲಿ ನನಗೆ ಇನ್ನು ಬರೆಯಬೇಡಿ.

ಯಾರಿಗಾದರೂ ಹೇಳುವ ಎರಡು ಮಾತು ನಿಮಗೂ ಹೇಳುತ್ತೇನೆ. ಅವನು ಕೊನೆಯ ವರ್ಷ ಸುಲಭದ ಪಾಠಗಳನ್ನು ಆರಿಸಿಕೊಳ್ಳುವುದು ಬೇಡ. ಅರ್ಜಿಯ ಜೊತೆ ಕಳಿಸುವ ಪ್ರಬಂಧವನ್ನು ಅವನೇ ಬರೆಯಲಿ, ನೀವು ತಿದ್ದಬೇಡಿ. ನೀವು ತಿದ್ದಿದರೆ ಎಲ್ಲ ವಾಕ್ಯಗಳೂ ಆಟಕ್ಕೆ ಮುಂಚಿನ ಭಾಷಣವಾಗುತ್ತವೆ.

ಅಮ್ಮನಿಗೆ ಸ್ಟ್ಯಾಂಪು ಕಳಿಸಿದ್ದೇನೆ.

ಟ್ವೈಲಾ


ಬ್ಲೆವಿನ್ಸ್ ವೆಲ್
6 ಅಕ್ಟೋಬರ್ 1997

ಟ್ವೈಲಾ,

ಬರೆಯಬೇಡಿ ಎಂದಿದ್ದೀಯ. ಆದ್ದರಿಂದ ಇದನ್ನು ಊರಿನ ಸುದ್ದಿ ಎಂದು ಓದು.

ಐದು ಆಟದಲ್ಲಿ ನಾಲ್ಕು ಗೆದ್ದಿದ್ದೇವೆ. ಸೋತದ್ದು ನನ್ನ ತಪ್ಪಿನಿಂದ. ಸ್ಟ್ರಿಕ್ಲರ್ ವಿಮಾನ ಹತ್ತಿ ಇಲ್ಲಿಗೇ ಬಂದಿದ್ದ. ಅರ್ಮೆಂಡರಿಜ್ ಮನೆಯಲ್ಲಿ ಎಲ್ವೀರಾ ಮಾಡಿದ ಎಂಚಿಲಾಡ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು "ಚೆನ್ನಾಗಿದೆ" ಎಂದ. ಎಲ್ವೀರಾ ನೋಯೆಲ್‌ನ ಕಿವಿಯಲ್ಲಿ, "ಈ ಮನುಷ್ಯ ಸುಳ್ಳು ಹೇಳ್ತಾನೆ, ಆದ್ರೆ ಮರ್ಯಾದಸ್ಥ" ಎಂದಳು.

ಆಮೇಲೆ ಅವನು ಚಮಚ ಕೆಳಗಿಟ್ಟು ನೇರವಾಗಿ ಕೇಳಿದ. "ನೋಡು ನೋಯೆಲ್, ನನಗೆ ಒಬ್ಬನೇ ಬೇಕು. ನೀನು ಬರ್ತೀನಿ ಅಂದ್ರೆ ಉಳಿದವರಿಗೆಲ್ಲ ಈಗ್ಲೇ ಇಲ್ಲ ಅಂತೀನಿ. ನೀನೂ ಹಾಗೇ ಮಾಡ್ಬೇಕು."

ನೂರು ಮೈಲಿ ಆಚೆಯ ಚಿಕ್ಕ ವಿಶ್ವವಿದ್ಯಾಲಯವೊಂದು ನೋಯೆಲ್‌ಗೆ ಪೂರ್ತಿ ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಿತ್ತು. ಹುಡುಗ ನನ್ನ ಮುಖ ನೋಡಿದ. "ಮಾತು ಕೊಟ್ಟ ಮೇಲೆ ಕೊಟ್ಟ ಹಾಗೇ" ಎಂದೆ. ಅವನು ಸ್ಟ್ರಿಕ್ಲರ್‌ಗೆ ಕೈ ಕುಲುಕಿ ಮಾತು ಕೊಟ್ಟ. ಸೋಮವಾರ ನನ್ನ ಕಚೇರಿಯ ಫೋನಿನಿಂದಲೇ ಆ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ ಎಂದು ಹೇಳಿಸಿದೆ. ಶುಕ್ರವಾರದ ಆಟದಲ್ಲಿ ಧ್ವನಿವರ್ಧಕದಲ್ಲಿ ನೋಯೆಲ್ ಹ್ಯಾಡ್ಲಿನ್‌ಗೆ ಹೋಗುತ್ತಾನೆ ಎಂದು ಕೂಗಿದರು. ಬ್ಲೆವಿನ್ಸ್ ವೆಲ್‌ನಲ್ಲಿ ಹ್ಯಾಡ್ಲಿನ್ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲರೂ ಎದ್ದು ನಿಂತರು.

ಅಪ್ಪ


ಹ್ಯಾಡ್ಲಿನ್
15 ಅಕ್ಟೋಬರ್ 1997

ಅಪ್ಪ,

ಇದನ್ನು ಬರೆಯುವುದು ನಿಯಮಕ್ಕೆ ವಿರುದ್ಧವೋ ಗೊತ್ತಿಲ್ಲ. ಬರೆಯದೆ ಇರಲಾರೆ. ಸ್ಟ್ರಿಕ್ಲರ್‌ನ ಮಾತು ಕಾಲೇಜಿನ ಮಾತಲ್ಲ. ಅವನು ಹೆಸರುಗಳ ಪಟ್ಟಿ ಕೊಡುತ್ತಾನೆ, ನಾವು ಅದರಲ್ಲಿ ಎಷ್ಟೋ ಹೆಸರಿಗೆ ಇಲ್ಲ ಎನ್ನುತ್ತೇವೆ. ಪ್ರತಿ ವರ್ಷ ಯಾವುದೋ ಊರಿನಲ್ಲಿ ಒಬ್ಬ ಹುಡುಗ ಹೀಗೆ ಮಾತು ಕೊಟ್ಟು, ಬೇರೆಲ್ಲ ಬಾಗಿಲು ಮುಚ್ಚಿಕೊಂಡು ಕೂರುತ್ತಾನೆ. ಕೈ ಕುಲುಕಿದರೆ ಮುಗಿಯಿತು ಎಂದು ನಂಬುವುದು ನಿಮ್ಮಂಥವರು ಮಾತ್ರ.

ಆ ವಿಶ್ವವಿದ್ಯಾಲಯಕ್ಕೆ ಮತ್ತೆ ಫೋನ್ ಮಾಡಿ. ಮಾಡುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ಟ್ವೈಲಾ


ಹ್ಯಾಡ್ಲಿನ್
9 ನವೆಂಬರ್ 1997

ಅಪ್ಪ,

ಒಂದು ತಪ್ಪೊಪ್ಪಿಗೆ. ನೋಯೆಲ್‌ನ ಕಡತವನ್ನು ನಾನು ಸಹೋದ್ಯೋಗಿಗೆ ಕೊಡಲಿಲ್ಲ. ಕೊಡಲೆಂದೇ ಕೈಗೆತ್ತಿಕೊಂಡೆ. ಮೇಲೆ ನಮ್ಮೂರಿನ ಹೆಸರಿತ್ತು. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಆ ಹೆಸರು ನನ್ನ ಮೇಜಿಗೆ ಬಂದದ್ದು ಇದೇ ಮೊದಲು. ತೆರೆದುಬಿಟ್ಟೆ.

ತಾಯಿ ಬೆಳಗಿನ ಜಾವ ಮುನ್ನೂರು ಮಕ್ಕಳಿಗೆ ಬ್ರೆಡ್ಡಿನ ಹಿಟ್ಟು ಕಲಸುವುದನ್ನು ಅವನು ಪ್ರಬಂಧದಲ್ಲಿ ಬರೆದಿದ್ದಾನೆ. ಫುಟ್‌ಬಾಲ್ ಎಂಬ ಪದ ಒಂದೇ ಸಲ ಬರುತ್ತದೆ. ಓದಿ ಸಂತೋಷಪಟ್ಟೆ.

ಆಮೇಲೆ ಅಂಕಪಟ್ಟಿ ನೋಡಿದೆ. ತೊಂಬತ್ತನಾಲ್ಕು, ತೊಂಬತ್ತೊಂದು, ತೊಂಬತ್ತಾರು, ನಡುವೆ ಹೈಸ್ಕೂಲಿನ ಎರಡನೇ ವರ್ಷದ ವಸಂತದ ಅವಧಿಯಲ್ಲಿ ರಸಾಯನಶಾಸ್ತ್ರಕ್ಕೆ ಎಪ್ಪತ್ತು.

ಇಲ್ಲಿಯವರಿಗೆ ಅದು ಬರೀ ಕಡಿಮೆ ಅಂಕ. ನಾನು ನಿಮ್ಮ ಮನೆಯಲ್ಲಿ ಬೆಳೆದವಳು. ಎಪ್ಪತ್ತಕ್ಕಿಂತ ಒಂದು ಕಡಿಮೆ ಬಂದರೂ ಹುಡುಗ ಆಡುವಂತಿಲ್ಲ ಎಂಬ ಕಾನೂನು ಬಂದ ಮೇಲೆ ನಮ್ಮೂರಿನಲ್ಲಿ ಎಷ್ಟು ಎಪ್ಪತ್ತುಗಳು ಹುಟ್ಟಿದವು ಎಂದು ನನಗೆ ಗೊತ್ತು. ರಜೆಗೆ ಬಂದಾಗಲೆಲ್ಲ ಅಡುಗೆಮನೆಯ ಫೋನಿನಲ್ಲಿ ನಿಮ್ಮ ದನಿ ಕೇಳಿಸಿಕೊಂಡಿದ್ದೇನೆ. "ಎಷ್ಟು ಕಮ್ಮಿ ಇದೆ ಮೇಷ್ಟ್ರೇ? ನಾಲ್ಕಾ? ನಾಲ್ಕು ಏನು ದೊಡ್ಡದು, ಒಳ್ಳೇ ಹುಡುಗ." ಟೆಕ್ಸಸ್‌ನಲ್ಲಿ ಸರಿಯಾಗಿ ಎಪ್ಪತ್ತು ಎಂದರೆ ಯಾರೋ ಫೋನ್ ಮಾಡಿದ್ದಾರೆ ಎಂದರ್ಥ.

ನೋಯೆಲ್‌ಗಾಗಿ ನೀವು ಫೋನ್ ಮಾಡಿದಿರಾ? ಇಪ್ಪತ್ತನೇ ತಾರೀಕು ಸಮಿತಿ ಕೂರುತ್ತದೆ. ಅದಕ್ಕೆ ಮುಂಚೆ ನಿಜ ಹೇಳಿ.

ಟ್ವೈಲಾ


ಬ್ಲೆವಿನ್ಸ್ ವೆಲ್
14 ನವೆಂಬರ್ 1997

ಟ್ವೈಲಾ,

ನಾಳೆ ಪ್ಲೇಆಫ್‌ನ ಮೊದಲ ಆಟ. ಉತ್ತರದ ಗಾಳಿ ಬೀಸುತ್ತಿದೆ, ಚೆಂಡು ಎಸೆಯಲು ಕೆಟ್ಟ ದಿನ. ನಿನ್ನ ಅಮ್ಮನ ಮೊಣಕಾಲು ಪರವಾಗಿಲ್ಲ. ಮುಂದಿನ ಸಾಲಿನ ಆಸನಕ್ಕೆ ಬ್ಯಾಂಕಿನವನ ಹೆಂಡತಿಯ ಜೊತೆ ಜಗಳವಾಡಿ ಗೆದ್ದಿದ್ದಾಳೆ.

ನೋಯೆಲ್‌ಗಾಗಿ ನಾನು ಯಾವ ಮೇಷ್ಟ್ರಿಗೂ ಎಂದೂ ಫೋನ್ ಮಾಡಿಲ್ಲ. ಆ ಎಪ್ಪತ್ತನ್ನು ಅಲ್ಲಿಗೇ ಬಿಡು. ಉಳಿದ ಅಂಕಗಳನ್ನು ನೋಡು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಅಪ್ಪ


ಹ್ಯಾಡ್ಲಿನ್
23 ನವೆಂಬರ್ 1997

ಅಪ್ಪ,

ನಿಮ್ಮ ಪತ್ರವನ್ನು ಹತ್ತು ಸಲ ಓದಿದೆ. ಗಾಳಿಯ ಬಗ್ಗೆ ಒಂದು ಸಾಲು, ಅಮ್ಮನ ಮೊಣಕಾಲಿನ ಬಗ್ಗೆ ಒಂದು ಸಾಲು, ಕೇಳಿದ್ದಕ್ಕೆ ಒಂದು ಸಾಲು. ನೀವು ಸುಳ್ಳು ಹೇಳುವಾಗ ಯಾವಾಗಲೂ ಹವಾಮಾನದಿಂದ ಶುರುಮಾಡುತ್ತೀರಿ.

ಗುರುವಾರ ನೋಯೆಲ್‌ನ ಹೆಸರು ಬಂತು. ಎಲ್ಲರಿಗೂ ಇಷ್ಟವಾಗಿತ್ತು, ಸೀಟು ಆಗಿಯೇ ಹೋಗುತ್ತಿತ್ತು. ಆಗ ಒಬ್ಬರು, "ಈ ಎಪ್ಪತ್ತು ಏನಿರಬಹುದು?" ಎಂದು ಸುಮ್ಮನೆ ಕೇಳಿದರು. ಅದೇ ಟೆಕ್ಸಸ್‌ನ ಉಳಿದ ಮಕ್ಕಳಿಗೆ ಇಲ್ಲ ಎನ್ನುತ್ತ ಬಂದವಳು ನಾನು. ಅವರಿಗೆ ಯಾರೂ ಫೋನ್ ಮಾಡಿರಲಿಲ್ಲ. ಎಪ್ಪತ್ತು ಎಂದರೇನು ಎಂದು ಹೇಳಿಬಿಟ್ಟೆ. ಕೋಣೆ ತಣ್ಣಗಾಯಿತು. ಡೀನ್ ನಿರ್ಧಾರವನ್ನು ಏಪ್ರಿಲ್‌ಗೆ ಮುಂದೂಡಿದರು.

ನಿಮಗೆ ಕೋಪ ಬರುತ್ತದೆ. ಬರಲಿ. ಆ ಹುಡುಗನ ಬಗ್ಗೆ ನನಗೆ ಬೇಜಾರಿದೆ. ನನ್ನ ಬಗ್ಗೆ ಇಲ್ಲ.

ಟ್ವೈಲಾ


ಬ್ಲೆವಿನ್ಸ್ ವೆಲ್
2 ಡಿಸೆಂಬರ್ 1997

ಟ್ವೈಲಾ,

ಎರಡನೇ ಆಟದಲ್ಲಿ ಸೋತು ಮನೆಗೆ ಬಂದೆವು. ಇದು ಹವಾಮಾನವಲ್ಲ, ಸುಮ್ಮನೆ ಹೇಳಿದೆ.

ಕೋಯ್ ರ್ಯಾಗ್ಸ್‌ಡೇಲ್ ನಿನಗೆ ಗೊತ್ತಿಲ್ಲ. ಮುನ್ನೂರು ಪೌಂಡಿನ ಹುಡುಗ. ಮೈದಾನದಲ್ಲಿ ನೋಯೆಲ್‌ನ ಮುಂದೆ ನಿಂತು ಅವನ ಮೇಲೆ ಯಾರೂ ಬೀಳದಂತೆ ತಡೆಯುವುದು ಅವನ ಕೆಲಸವಾಗಿತ್ತು. ಕಳೆದ ವರ್ಷದ ಮೇ ತಿಂಗಳಲ್ಲಿ ಅವನ ಶಾಲೆ ಮುಗಿಯಬೇಕಿತ್ತು. ಒಂದು ದೊಡ್ಡ ವಿಶ್ವವಿದ್ಯಾಲಯ ಅವನನ್ನು ತೆಗೆದುಕೊಂಡಿತ್ತು, ನನ್ನ ಕೈಯಲ್ಲಿ ಬೆಳೆದವನೊಬ್ಬ ಅಂಥ ಕಡೆಗೆ ಹೋಗುವುದು ಹನ್ನೊಂದು ವರ್ಷದ ನಂತರ. ರಸಾಯನಶಾಸ್ತ್ರ ಪಾಸಾಗದಿದ್ದರೆ ಎಲ್ಲವೂ ಹೋಗುತ್ತಿತ್ತು. ಅದನ್ನು ಕಲಿಸುವ ಮಿಸೆಸ್ ಡೋಶರ್ ನನ್ನ ಫೋನಿಗೆ ಬಗ್ಗುವ ಹೆಂಗಸಲ್ಲ. ಹಾಗಾಗಿ ಎರಡು ವರ್ಷ ಹಿಂದಿದ್ದರೂ ಅದೇ ರಸಾಯನಶಾಸ್ತ್ರದ ತರಗತಿಯಲ್ಲಿದ್ದ ನೋಯೆಲ್‌ನನ್ನು ಕರೆದು ಹೇಳಿದೆ. "ಪರೀಕ್ಷೆ ದಿನ ಕೋಯ್ ಪಕ್ಕ ಕೂತ್ಕೋ. ಪೇಪರ್ ಮುಚ್ಕೊಂಡು ಬರೀಬೇಡ." ಹದಿನಾರು ವರ್ಷದ ಹುಡುಗನಿಗೆ ಕೋಚ್ ಅಷ್ಟು ಹೇಳಿದರೆ ಸಾಕು.

ಎರಡು ಪೇಪರಿನಲ್ಲೂ ಒಂದೇ ತಪ್ಪು ಉತ್ತರ ಬಂತು. ಮಿಸೆಸ್ ಡೋಶರ್ ನಮ್ಮ ಮೂವರನ್ನೂ ಕರೆಸಿದಳು. "ಯಾರು ಯಾರದ್ದು ನೋಡಿದ್ದು?"

ನೋಯೆಲ್ ನನ್ನನ್ನು ನೋಡಿದ. ನಾನು ಕಿಟಕಿ ನೋಡಿದೆ.

"ನಾನೇ ಮೇಡಂ. ಕೋಯ್ ಪೇಪರ್ ನೋಡ್ಕೊಂಡು ಬರ್ದೆ" ಎಂದ.

ಅವಳು ನಕ್ಕೇಬಿಟ್ಟಳು. ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಕೋಚ್, ನಿಮಗೇನಾದ್ರೂ ಹೇಳೋದಿದ್ಯಾ?"

"ಹುಡುಗನೇ ಹೇಳಿದ್ನಲ್ಲ" ಎಂದೆ.

ಕೋಯ್ ಪಾಸಾದ. ನೋಯೆಲ್‌ಗೆ ಆ ಪರೀಕ್ಷೆಯಲ್ಲಿ ಸೊನ್ನೆ. ಪರೀಕ್ಷೆಯ ತೂಕ ಒಟ್ಟು ಅಂಕದ ಕಾಲು ಭಾಗ, ಉಳಿದ ಮುಕ್ಕಾಲಿನಲ್ಲಿ ಅವನ ಸರಾಸರಿ ತೊಂಬತ್ತಮೂರು. ಲೆಕ್ಕ ನೀನೇ ಮಾಡು. ಅರವತ್ತೊಂಬತ್ತೂ ಮುಕ್ಕಾಲು ಬರುತ್ತದೆ, ದುಂಡಗೆ ಮಾಡಿದರೆ ಎಪ್ಪತ್ತು. ಅದು ಯಾರೋ ಅವನಿಗೆ ಕೊಟ್ಟದ್ದಲ್ಲ, ಅವನು ಕೋಯ್‌ಗೆ ಕೊಟ್ಟದ್ದು. ನಿಜ ಹೇಳಬೇಕೆಂದರೆ ನನಗೆ ಕೊಟ್ಟದ್ದು.

ಕೋಯ್ ಒಂದೇ ಅವಧಿ ಓದಿ ವಾಪಸ್ ಬಂದ. ಈಗ ತೈಲಬಾವಿಯಲ್ಲಿ ಕೆಲಸ ಮಾಡುತ್ತಾನೆ.

ನವೆಂಬರಿನಲ್ಲೇ ನಿನಗೆ ಬರೆಯಬೇಕಿತ್ತು. ನನ್ನ ಕೆಲಸ ಹೋಗುತ್ತದೆ ಎಂದು ಹೆದರಿದೆ. ನಿನ್ನ ಕಣ್ಣಲ್ಲಿ ಇನ್ನೂ ಕೆಳಗಿಳಿಯುತ್ತೇನೆ ಎಂದು ಅದಕ್ಕಿಂತ ಹೆಚ್ಚು ಹೆದರಿದೆ.

ಅಪ್ಪ


ಹ್ಯಾಡ್ಲಿನ್
9 ಡಿಸೆಂಬರ್ 1997

ಅಪ್ಪ,

ನಿಮ್ಮ ಪತ್ರವನ್ನು ಕಾರಿನಲ್ಲಿ ಕೂತು ಓದಿದೆ. ಅಲ್ಲೇ ಕೂತು ಅತ್ತೆ. ಮೊದಲು ನಿಮ್ಮ ಮೇಲಿನ ಸಿಟ್ಟಿಗೆ, ಆಮೇಲೆ ನನ್ನ ಜಂಬಕ್ಕೆ. ಆ ಕೋಣೆಯಲ್ಲಿ ಎಪ್ಪತ್ತನ್ನು ಓದಬಲ್ಲವಳು ನಾನೊಬ್ಬಳೇ ಎಂದುಕೊಂಡಿದ್ದೆ. ನನಗೆ ಓದಲು ಬಂದದ್ದು ನಿಮ್ಮ ಮೇಲಿನ ಹಳೆಯ ಸಿಟ್ಟು ಮಾತ್ರ. ಅದಕ್ಕೆ ಆ ಹುಡುಗ ಬಲಿಯಾದ.

ಡೀನ್ ಬಳಿಗೆ ಹೋಗಿ, ಮುಟ್ಟಬಾರದ ಕಡತ ಮುಟ್ಟಿದೆ ಎಂದು ಹೇಳಿದೆ. ಈ ವರ್ಷ ಇನ್ನು ಯಾವ ಅರ್ಜಿಯೂ ನನ್ನ ಮೇಜಿಗೆ ಬರುವುದಿಲ್ಲ. ಬರುವವರಿಗೆ ಕಾಲೇಜು ತೋರಿಸಿಕೊಂಡು ಓಡಾಡುತ್ತಿದ್ದೇನೆ.

ನೀವು ಬರೆದದ್ದನ್ನು ನಾನು ಒಳಗೆ ಒಯ್ಯಲಾರೆ. ನನ್ನ ಮಾತಿಗೆ ಅಲ್ಲಿ ಈಗ ಬೆಲೆಯಿಲ್ಲ, ಇರಲೂಬಾರದು. ನೀವೇ ಡೀನ್‌ಗೆ ಬರೆದು ಸಹಿ ಹಾಕಬೇಕು. ಒಂದು ಪ್ರತಿ ನಿಮ್ಮ ಶಾಲಾ ಮಂಡಳಿಗೂ ಹೋಗಬೇಕು, ಇಲ್ಲದಿದ್ದರೆ ಕ್ವಾರ್ಟರ್‌ಬ್ಯಾಕ್‌ನನ್ನು ಉಳಿಸಲು ಕೋಚ್ ಕಟ್ಟಿದ ಇನ್ನೊಂದು ಕಥೆ ಎನ್ನುತ್ತಾರೆ. ಅದರಿಂದ ನಿಮಗೇನಾಗುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಇಷ್ಟು ಮಾಡಿದರೂ ಸೀಟು ಸಿಗುತ್ತದೆ ಎಂದು ಮಾತು ಕೊಡಲಾರೆ.

ಟ್ವೈಲಾ


ಬ್ಲೆವಿನ್ಸ್ ವೆಲ್
20 ಡಿಸೆಂಬರ್ 1997

ಟ್ವೈಲಾ,

ಮೊದಲು ಅರ್ಮೆಂಡರಿಜ್ ಮನೆಗೆ ಹೋದೆ. ಕ್ರಿಸ್‌ಮಸ್‌ಗೆ ತಮಾಲೆ ಕಡುಬು ಕಟ್ಟುತ್ತಿದ್ದರು. ಮೇಜಿನ ತುಂಬ ಸುತ್ತಲು ಮೆಕ್ಕೆಜೋಳದ ಸಿಪ್ಪೆ, ನೋಯೆಲ್‌ನ ಮೊಣಕೈವರೆಗೂ ಹಿಟ್ಟು. ಬರೆದದ್ದನ್ನು ಓದಿ ಹೇಳಿದೆ.

"ಬೇಡ ಕೋಚ್" ಎಂದ. "ನಿಮ್ಮನ್ನ ತೆಗ್ದುಹಾಕ್ತಾರೆ."

"ತೆಗೀಲಿ."

"ಆಮೇಲೆ ಊರವರೆಲ್ಲ ನನ್ನಿಂದಾನೇ ನೀವು ಹೋದ್ರಿ ಅಂತಾರೆ."

"ಅಂದ್ರೆ ನನ್ನ ಹತ್ರ ಕಳ್ಸು. ಮಾಡಿದ್ದು ನಾನು ಅಂತ ನಾನೇ ಹೇಳ್ತೀನಿ."

ಎಲ್ವೀರಾ ಅಷ್ಟು ಹೊತ್ತೂ ತಲೆಯೆತ್ತಿರಲಿಲ್ಲ. "ನನ್ ಮಗ ಆವತ್ತು ಸುಳ್ಳು ಹೇಳ್ದ ಅಂತ ಅವತ್ತೇ ನಂಗೊತ್ತಿತ್ತು ಕೋಚ್" ಎಂದಳು. "ಯಾರಿಗೋಸ್ಕರ ಅಂತ ಮಾತ್ರ ಬಾಯಿ ಬಿಟ್ಟಿರ್ಲಿಲ್ಲ. ನಾನು ಎರಡು ವರ್ಷದಿಂದ ದಿನಾ ನಿಮ್ಮ ತಟ್ಟೆಗೆ ಊಟ ಬಡಿಸ್ತಿದೀನಿ." ಆಮೇಲೆ ಕೈ ಒರೆಸಿಕೊಂಡು, "ಪತ್ರ ಪೋಸ್ಟ್ ಮಾಡ್ಬಿಟ್ಟು ಬನ್ನಿ. ಒಂದು ಡಜನ್ ಕಟ್ಟಿಟ್ಟಿರ್ತೀನಿ" ಎಂದಳು.

ಪೋಸ್ಟ್ ಮಾಡಿ ಬಂದು ತೆಗೆದುಕೊಂಡೆ. ಅವಳ ಮುಖ ನೋಡಲಾಗಲಿಲ್ಲ.

ಮಂಗಳವಾರ ಶಾಲಾ ಮಂಡಳಿ ಕೂತಿತು. ಏಳು ಜನರಲ್ಲಿ ನಾಲ್ವರು ನನ್ನ ಹಳೆಯ ಆಟಗಾರರು. ಅವರಲ್ಲೊಬ್ಬ, "ಕೋಚ್, ಇದನ್ನ ಯಾಕೆ ಬರ್ದ್ರಿ, ಸುಮ್ನಿದ್ದಿದ್ರೆ ಆಗ್ತಿತ್ತಲ್ಲ" ಎಂದ. ಅವನಿಗೆ ಸುಮ್ಮನಿರುವುದನ್ನು ಕಲಿಸಿದವನು ನಾನೇ ಇರಬೇಕು. ಜನವರಿಯಿಂದ ತಂಡ ನನ್ನದಲ್ಲ. ಜೂನ್‌ವರೆಗೆ ಮಕ್ಕಳಿಗೆ ಕಾರು ಓಡಿಸುವುದನ್ನು ಕಲಿಸಬಹುದು. "ಇನ್ಮೇಲಾದ್ರೂ ಬ್ರೇಕ್ ಎಲ್ಲಿದೆ ಅಂತ ಗೊತ್ತಾಗುತ್ತೆ" ಎಂದಳು ನಿನ್ನ ಅಮ್ಮ.

ಅಪ್ಪ


ಹ್ಯಾಡ್ಲಿನ್
4 ಏಪ್ರಿಲ್ 1998

ಅಪ್ಪ,

ಡೀನ್ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನೋಯೆಲ್‌ಗೆ ಸೀಟು ಸಿಕ್ಕಿದೆ. ಖರ್ಚೆಲ್ಲ ಕಾಲೇಜಿನದೇ. ದಪ್ಪ ಲಕೋಟೆ ಈ ವಾರ ಅವನ ಮನೆಗೆ ಬರುತ್ತದೆ. ಸಮಿತಿಯಲ್ಲಿ ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದಿದರಂತೆ. ನಾನು ಆ ಹೊತ್ತಿಗೆ ಯಾರಿಗೋ ಗ್ರಂಥಾಲಯ ತೋರಿಸುತ್ತಿದ್ದೆ.

ಇನ್ನೊಂದು ಮಾತು ಅದರ ಜೊತೆಗೇ ಹೇಳಬೇಕು. ಏಪ್ರಿಲ್‌ವರೆಗೆ ಕಾಯಲಾರೆ ಎಂದು ಸ್ಟ್ರಿಕ್ಲರ್ ಫೆಬ್ರವರಿಯಲ್ಲಿ ಒಹಾಯೋದ ಹುಡುಗನೊಬ್ಬನನ್ನು ಆರಿಸಿಕೊಂಡ. ಒಬ್ಬನೇ ಎಂದರೆ ಒಬ್ಬನೇ. ಹೋಗಿ ಕೇಳಿದೆ. "ಒಳ್ಳೇ ಹುಡುಗ. ಬರ್ಲಿ, ಆಟ ನೋಡ್ಲಿ" ಎಂದ. ನೋಯೆಲ್ ಇಲ್ಲಿಗೆ ಬಂದರೆ ಚೆಂಡು ಮುಟ್ಟುವುದಿಲ್ಲ. ನಿಮ್ಮ ಆ ನೂರು ಮೈಲಿ ಆಚೆಯವರಿಗೂ ಫೋನ್ ಮಾಡಿ ನೋಡಿದೆ. ಅವರ ಕ್ವಾರ್ಟರ್‌ಬ್ಯಾಕ್ ಜಾಗ ತುಂಬಿದೆ. ಬೇಕಾದರೆ ವಿದ್ಯಾರ್ಥಿವೇತನವಿಲ್ಲದೆ ಬಂದು ಅಭ್ಯಾಸಕ್ಕೆ ನಿಲ್ಲಬಹುದಂತೆ.

ನವೆಂಬರಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನು ಸೀಟು, ಆಟ ಎರಡನ್ನೂ ಪಡೆಯುತ್ತಿದ್ದ. ಇದನ್ನು ಅವನಿಗೆ ಹೇಳಿ. ನನ್ನ ಹೆಸರು ಹಿಡಿದೇ ಹೇಳಿ. ಮೇ ಒಂದರೊಳಗೆ ಉತ್ತರ ಕೊಡಬೇಕು.

ಟ್ವೈಲಾ


ಬ್ಲೆವಿನ್ಸ್ ವೆಲ್
26 ಏಪ್ರಿಲ್ 1998

ಟ್ವೈಲಾ,

ನಿನ್ನ ಹೆಸರು ಹಿಡಿದೇ ಹೇಳಿದೆ. ನೋಯೆಲ್, "ಅವ್ರು ನಿಮ್ಮ ಮಗಳು ಅಂತ ಈಗ ಗೊತ್ತಾಯ್ತು" ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಮೂರು ವಾರ ಉತ್ತರದ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಬರೀ ಅಭ್ಯಾಸಕ್ಕೆ ನಿಲ್ಲುವುದಾದರೂ ಸರಿ, ಇಲ್ಲೇ ಹತ್ತಿರ ಹೋಗಬೇಕೆಂದು ಅರ್ಧ ಮನಸ್ಸಿತ್ತು. ನಾನೀಗ ಹುಡುಗರಿಗೆ ಎಲ್ಲಿ ನಿಲ್ಲಬೇಕು, ಯಾರ ಪಕ್ಕ ಕೂರಬೇಕು ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಬಿಡುವುದು ಕಷ್ಟ.

ನಿನ್ನೆ ಮಧ್ಯಾಹ್ನ ಮನೆಗೆ ಬಂದ. ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ನಿನ್ನ ಅಮ್ಮ ಐಸ್ ಹಾಕಿದ ಟೀ ಕೊಟ್ಟು ಒಳಗೆ ಹೋದಳು.

"ಒಂದು ಕೇಳ್ಲಾ ಕೋಚ್" ಎಂದ. "ಏಳನೇ ಕ್ಲಾಸಿಂದ ದಿನಾ ನಾಲ್ಕು ಗಂಟೆಗೆ ನಾನು ಮೈದಾನದಲ್ಲಿದೀನಿ. ಅಲ್ಲಿ ಹೋದ್ಮೇಲೆ ಚೆಂಡಿಲ್ಲ. ನಾಲ್ಕು ಗಂಟೆಗೆ ನಾನೇನು ಮಾಡ್ಲಿ?"

ಜನವರಿಯಿಂದ ನನ್ನದೂ ಅದೇ ಪ್ರಶ್ನೆ. ನಾಲ್ಕಾಗುತ್ತಿದ್ದಂತೆ ಕೈ ತಾನಾಗಿ ಪಿಕಪ್‌ನ ಬೀಗದ ಕೈ ಹುಡುಕುತ್ತದೆ. ಹೊರಗೆ ಹೋಗುತ್ತೇನೆ, ಗಾಡಿಯಲ್ಲಿ ಕೂರುತ್ತೇನೆ, ಇಳಿದು ಒಳಗೆ ಬರುತ್ತೇನೆ. ಅದನ್ನೇ ಅವನಿಗೆ ಹೇಳಿದೆ. "ನಂಗೂ ಗೊತ್ತಿಲ್ಲಪ್ಪ. ಗೊತ್ತಾದವರು ಮೊದಲು ಇನ್ನೊಬ್ಬರಿಗೆ ಹೇಳ್ಬೇಕು."

ಅವನು ನಕ್ಕ. ಕಾರ್ಡು ತೆಗೆದು, ಮೊಣಕಾಲ ಮೇಲಿಟ್ಟು ಸಹಿ ಹಾಕಿದ. ಹ್ಯಾಡ್ಲಿನ್‌ಗೆ ಬರುತ್ತಾನೆ. ಅಂಚೆ ಪೆಟ್ಟಿಗೆಗೆ ಅವನೇ ಹಾಕಿದ, ನಾನು ಪಕ್ಕದಲ್ಲಿ ನಿಂತಿದ್ದೆ. ಮುಚ್ಚಳ ಬಿಟ್ಟ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ.

ಅವನು ಹೋದ ಮೇಲೆ ಒಂದು ಯೋಚನೆ ಬಂತು. ಮೊದಲೇ ಬರಬೇಕಿತ್ತು. ನೀನು ಹುಟ್ಟಿದಾಗಿನಿಂದ ಊರು ಬಿಡುವವರೆಗೆ ಒಂದು ದಿನವೂ ನಾಲ್ಕು ಗಂಟೆಗೆ ನಾನು ಮನೆಯಲ್ಲಿರಲಿಲ್ಲ. ಶಾಲೆಯಿಂದ ಬಂದು ಆ ಹೊತ್ತಿನಲ್ಲಿ ನೀನೇನು ಮಾಡುತ್ತಿದ್ದೆ? ನಿನ್ನ ಅಮ್ಮನನ್ನು ಕೇಳಿದೆ. "ನನ್ನೇನು ಕೇಳ್ತೀರ, ಅವಳನ್ನೇ ಕೇಳಿ" ಎಂದಳು.

ಅದಕ್ಕೇ ಕೇಳುತ್ತಿದ್ದೇನೆ. ಉದ್ದವಾಗಿ ಬರೆ. ನೋಯೆಲ್‌ಗೂ ಬೇಕಾಗುತ್ತದೆ, ಆದರೆ ಮೊದಲು ನನಗೆ ಗೊತ್ತಾಗಬೇಕು.

ಅಪ್ಪ